ಸೋಮವಾರ ಬಂದು ಸಹಿ ಮಾಡು ಅಂತಾನ ಅಣ್ಣ

ಪ್ರಶ್ನೆ: ನಮ್ಮ ತವರಮನಿ ನವಲಗುಂದ ಕಡೆ, ನನ್ನ ಕೊಟ್ಟದ್ದು ಹುಬ್ಬಳ್ಳಿಗೆ. ಅಜ್ಜನ ಕಾಲದ ಆರು ಎಕರೆ ಎರಿ ಹೊಲ ಐತಿ. ಹೋದ ವರ್ಷ ಅಪ್ಪ ತೀರ್ಕೊಂಡ್ರು, ಈಗ ಅಣ್ಣ ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಟ್ಟಕೊಡು ಅಂತಾನ. ಪಾಲು ಕೇಳಿದ್ರ ಪಂಚಮಿಗೆ ಕರಿಯಾಕ ಯಾರೂ ಬರೂದಿಲ್ಲ ಅಂತಾಳ ಅವ್ವ. ನಮ್ಮ ನಾದಿನಿ ಸೀರಿ ಉಡಿಸ್ಕೊಂಡು ಸುಮ್ನ ಸಹಿ ಮಾಡಿ ಹೋದ್ಳು, ನಾ ಕೇಳಿದ್ರ ಆಸೆಬುರುಕಿ ಅಂತಾರೇನ್ರಿ?

ಉತ್ತರ: ಅಂತಾರ ತಂಗಿ, ಸುಳ್ಳ್ಯಾಕ ಹೇಳ್ಲಿ. ಅಣ್ಣ ಆರೂ ಎಕರೆ ಇಟ್ಕೊಂಡ್ರ ಅಂವ ಮನಿ ನಡಸಾಂವ, ನೀ ನಿಂದು ಕೇಳಿದ್ರ ಮನಿ ಮುರಿಯಾಕಿ. ನಿನ್ನ ಲಗ್ನಕ್ಕ ಖರ್ಚು ಮಾಡಿದ್ದನ್ನೂ ಪಾಲಿನ ಲೆಕ್ಕಕ್ಕ ಹಿಡೀತಾರ, ಅಣ್ಣನ ಲಗ್ನದ ಖರ್ಚು ಯಾರ ಲೆಕ್ಕಕ್ಕ ಬರದ್ರಂತ?

ಕಾಯ್ದೆ ಮಾತು ಜಲ್ದಿ ಮುಗಸ್ತೀನಿ, ಅದು ನಿನ್ನ ಕಡೀನ ಐತಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಾಗ ಆದ ತಿದ್ದುಪಡಿ ಪ್ರಕಾರ ಹಿರ್ಯಾರ ಆಸ್ತಿಯೊಳಗ ಮಗಳಿಗೂ ಹುಟ್ಟಿದಾಗಿಂದ ಮಗನಷ್ಟ ಹಕ್ಕು, ಲಗ್ನ ಆಗಿದ್ರೂ ಅಷ್ಟ, 2020ರಾಗ ಸುಪ್ರೀಂ ಕೋರ್ಟ್ ಇದನ್ನ ಖುಲ್ಲಾ ಹೇಳೇತಿ. 2004ರ ಡಿಸೆಂಬರ್ 20ಕ್ಕಿಂತ ಮೊದ್ಲ ರಿಜಿಸ್ಟರ್ ವಾಟ್ನಿ (ಆಸ್ತಿ ಪಾಲು), ಇಲ್ಲಾ ಕೋರ್ಟಿನ ಡಿಕ್ರಿಯಿಂದ ವಾಟ್ನಿ ಆಗಿದ್ರ ಬ್ಯಾರೆ ಮಾತು. ಅದಕ್ಕ ಸೋಮವಾರ ಹೋಗಬ್ಯಾಡ, ಮೊದ್ಲ ಹೊಲದ ಉತಾರ (ಪಹಣಿ) ತಗಸಿ ನೋಡು. ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಮಕ್ಕಳಿಗೆ ವಕೀಲರು ಪುಕ್ಕಟೆ, ಆದಾಯ ಎಷ್ಟ ಇರ್ಲಿ.

ಅವ್ವನ ಮ್ಯಾಲೆ ಸಿಟ್ಟಾಗಬ್ಯಾಡ. ಆಕಿ ರೊಟ್ಟಿ ತಿನ್ನೂದು ಅಣ್ಣನ ಮನ್ಯಾಗ, ಅದಕ್ಕ ಅಣ್ಣನ ಮಾತು ಆಕಿ ಬಾಯಾಗ ಬರ್ತೈತಿ, ಅಪ್ಪನ ಪಾಲಿನ್ಯಾಗ ಆಕಿಗೂ ಹಕ್ಕೈತಿ ಅನ್ನೂದು ಆಕಿಗೆ ಯಾರರ ಹೇಳ್ಯಾರೇನು? ನೀನ ಹೇಳು, ಅಣ್ಣ ಇಲ್ಲದಾಗ. ಅಣ್ಣಗ ಮಾತ್ರ ಫೋನ್‌ನ್ಯಾಗ ಜಗಳ ತಗಿಬ್ಯಾಡ, ಕಾಗದ ನೋಡಿ ಮಾತಾಡೂಣಪಾ ಅಂದು ಇಟ್ಟುಬಿಡು. ಪೂರಾ ಪಾಲು ತಗೊಳ್ಳಾಕ ಮನಸ್ಸಿಲ್ಲ ಅಂದ್ರ ಸ್ವಲ್ಪ ತಗೊ, ಇಲ್ಲಾ ಎಲ್ಲಾ ಬಿಟ್ಟಕೊಡು, ಅದು ನಿನ್ನ ಖುಷಿ, ಆದ್ರ ನಿಂದು ಎಷ್ಟು ಅಂತ ಗೊತ್ತಾದಮ್ಯಾಲೆ ಬಿಡು. ಪಂಚಮಿಗೆ ಕರಿಯಾಕ ಬರ್ಲಿಲ್ಲಾ? ಹೆಣ್ಮಕ್ಕಳಿಗೆ ಬಸ್ ಫ್ರೀ ಐತಿ, ಉಂಡಿ ಕಟಗೊಂಡು ನೀನ ಹೋಗು.

ಇನ್ನ ನಿನ್ನ ನಾದಿನಿ ಮಾತು. ಅದನ್ನ ನೀ ಹಂಗ ಬರದು ಮುಂದ ಹೋದಿ, ನಾ ಅಲ್ಲೇ ನಿಂತೆ. ಆಕಿ ಸಹಿ ಮಾಡೂ ದಿನ ಆ ಸೀರಿ ಆರಿಸಿದ್ದು ಯಾರು, ನೀನ ಅಲ್ಲೇನು? ನಿನ್ನ ಗಂಡನ ಜೋಡಿ ಇವತ್ತ ರಾತ್ರಿ ಕುಂತು ಮಾತಾಡು, ಆಕಿಗೆ ಏನು ಕೊಡೂದೈತಿ ಅಂತ. ಅಣ್ಣನ ಮುಂದ ಹೋಗೂದು ಆಮ್ಯಾಲೆ.