ಹೆಮಿಂಗ್ವೆ ಕಥೆಗಳಲ್ಲಿ ಕೂದಲು ಹೇಳುವ ಮಾತು

ನೀವು ಕೇಳಿದ್ದು: ಅಮೆರಿಕದ ಲೇಖಕ ಹೆಮಿಂಗ್ವೆ ಅಂದ್ರೆ ಬೇಟೆ, ಯುದ್ಧ, ಗೂಳಿ ಕಾಳಗ, ಗಂಡಸ್ತನ ಇಷ್ಟೇನಾ? ಗಂಡು-ಹೆಣ್ಣು, ಕಾಮ ಇದರ ಬಗ್ಗೆ ಅವನಿಗೆ ಬೇರೇನೂ ಹೇಳೋಕೆ ಇರಲಿಲ್ವಾ?

ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಡಿಗ್ರಿಯಲ್ಲಿ ನಮಗೆ ಪಾಠಕ್ಕಿದ್ದದ್ದು 'ದಿ ಓಲ್ಡ್ ಮ್ಯಾನ್ ಅಂಡ್ ದ ಸೀ'. ಮುದುಕ, ಮೀನು, ಸಮುದ್ರ, ಅಷ್ಟೇ. ಆಮೇಲೆ ಉಳಿದದ್ದನ್ನು ಓದುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗಂಡು-ಹೆಣ್ಣಿನ ನಡುವಿನ ಗೆರೆ ಅಲುಗಾಡುವ ಕಡೆಯಲ್ಲೆಲ್ಲ ಅವನು ತಲೆಗೂದಲಿಗೆ ಬರುತ್ತಾನೆ. ಕತ್ತರಿಸೋದು, ಬೆಳೆಸೋದು, ಬಣ್ಣ ಬದಲಿಸೋದು. ಅದೊಂದನ್ನೇ ಹಿಡಿದು ಓದಿದರೆ ಬೇರೆಯೇ ಹೆಮಿಂಗ್ವೆ ಸಿಗುತ್ತಾನೆ.

1925ರ 'ಕ್ಯಾಟ್ ಇನ್ ದ ರೇನ್' ನೋಡಿ. ಪುಟ್ಟ ಕಥೆ. ಇಟಲಿಯ ಒಂದು ಹೋಟೆಲಿನಲ್ಲಿ ಅಮೆರಿಕದ ಗಂಡ-ಹೆಂಡತಿ. ಹೊರಗೆ ಮಳೆ. ಗಂಡ ಹಾಸಿಗೆ ಮೇಲೆ ಮಲಗಿ ಪುಸ್ತಕ ಓದುತ್ತಿದ್ದಾನೆ. ಹೆಂಡತಿ ಕೈಗನ್ನಡಿಯಲ್ಲಿ ತನ್ನ ಮುಖ, ಕತ್ತಿನ ಹಿಂಭಾಗ ಎಲ್ಲಾ ನೋಡಿಕೊಳ್ಳುತ್ತಾಳೆ. ಕೂದಲು ಬೆಳೆಸಲಾ ಅಂತ ಕೇಳುತ್ತಾಳೆ. ಈಗಿರೋದೇ ನನಗಿಷ್ಟ ಅನ್ನುತ್ತಾನೆ ಅವನು. ಹುಡುಗನ ಥರ ಕಾಣೋದು ಸಾಕಾಗಿದೆ ಅನ್ನುತ್ತಾಳೆ ಇವಳು. ಕೈಗೆ ಸಿಗುವಂಥ ದೊಡ್ಡ ತುರುಬು ಬೇಕು, ತೊಡೆ ಮೇಲೆ ಒಂದು ಬೆಕ್ಕು ಬೇಕು. ಗಂಡ ಬಾಯಿ ಮುಚ್ಚಿಕೊಂಡು ಏನಾದರೂ ಓದು ಅಂದುಬಿಡುತ್ತಾನೆ. ಗಿಡ್ಡ ಕೂದಲು ಆಗ ಹೊಸ ಕಾಲದ ಹೆಣ್ಣಿನ ಗುರುತು. ಇಲ್ಲಿ ಅದೂ ಗಂಡನ ಇಷ್ಟಕ್ಕೆ ಕತ್ತರಿಸಿಟ್ಟ ಹಾಗಿದೆ ಅಲ್ವಾ? ಈ ಮಾತನ್ನು ಕಥೆಗಾರ ಎಲ್ಲೂ ಬಿಡಿಸಿ ಹೇಳುವುದಿಲ್ಲ.

ಮರುವರ್ಷ ಬಂದದ್ದು 'ದ ಸನ್ ಆಲ್ಸೋ ರೈಸಸ್'. ಕಥೆ ಹೇಳುವ ಜೇಕ್‌ಗೆ ಯುದ್ಧದಲ್ಲಿ ಆದ ಗಾಯ ಎಂಥದ್ದೆಂದರೆ ಆಸೆ ಇದೆ, ದೇಹ ಸಹಕರಿಸುವುದಿಲ್ಲ. ಅವನು ಪ್ರೀತಿಸುವ ಬ್ರೆಟ್ ಹುಡುಗನ ಹಾಗೆ ಕೂದಲನ್ನು ಹಿಂದಕ್ಕೆ ಬಾಚಿದವಳು. ಪ್ಯಾರಿಸ್ಸಿನ ಕುಣಿತದ ಜಾಗಕ್ಕೆ ಅವಳು ಒಂದಷ್ಟು ಸಲಿಂಗಕಾಮಿ ಯುವಕರ ಜೊತೆ ಬರುತ್ತಾಳೆ. ಬಾಗಿಲ ದೀಪದ ಬೆಳಕಿನಲ್ಲಿ ಜೇಕ್ ಅವರ ಕೈಗಳನ್ನು, ಆಗಷ್ಟೇ ತೊಳೆದ ಗುಂಗುರು ಕೂದಲನ್ನು ನೋಡುತ್ತಾನೆ. ನೋಡಿ ಸಿಟ್ಟಿಗೇಳುತ್ತಾನೆ. ಹೊಡೆಯುವಷ್ಟು ಸಿಟ್ಟು. ಅವರಿಗೆ ದೇಹ ಇದೆ, ಬ್ರೆಟ್ ಬೇಡ. ಇವನಿಗೆ ಬ್ರೆಟ್ ಬೇಕು, ಆ ದೇಹ ಇಲ್ಲ. ಆ ಸಿಟ್ಟು ಹುಟ್ಟುವ ಜಾಗ ಅದು. ಆದರೂ ನನಗೊಂದು ತಕರಾರಿದೆ. ಆ ಯುವಕರಿಗೆ ಕಾದಂಬರಿ ಒಂದು ಮನಸ್ಸನ್ನೂ ಕೊಡುವುದಿಲ್ಲ. ಅವರು ಬರೀ ಜೇಕ್ ಕಣ್ಣಿಗೆ ಕಂಡಷ್ಟೇ.

'ಎ ಫೇರ್‌ವೆಲ್ ಟು ಆರ್ಮ್ಸ್' (1929) ಕಾದಂಬರಿಯಲ್ಲಿ ಕ್ಯಾಥರೀನ್ ತನ್ನ ಪ್ರಿಯನಿಗೆ, ನೀನು ಸ್ವಲ್ಪ ಕೂದಲು ಬಿಡು, ನಾನು ಕತ್ತರಿಸ್ತೀನಿ, ಇಬ್ಬರೂ ಒಂದೇ ಥರ ಆಗೋಣ ಅನ್ನುತ್ತಾಳೆ. 1940ರ 'ಫಾರ್ ಹೂಮ್ ದ ಬೆಲ್ ಟೋಲ್ಸ್'ನಲ್ಲಿ ಅದೇ ಗಿಡ್ಡ ಕೂದಲು ಘೋರವಾಗುತ್ತದೆ. ಸ್ಪೇನಿನ ಅಂತರ್ಯುದ್ಧದಲ್ಲಿ ಶತ್ರುಗಳು ಮರಿಯಾಳ ಜಡೆ ಕತ್ತರಿಸಿ, ಅದೇ ಜಡೆಯನ್ನು ಅವಳ ಬಾಯಿಗೆ ತುರುಕುತ್ತಾರೆ. ವಿಧವೆಯರ ತಲೆ ಬೋಳಿಸುತ್ತಿದ್ದ ನಾಡಿನಿಂದ ಬಂದವರು ನಾವು. ಇದು ನಮಗೆ ಅರ್ಥವಾಗದ ಮಾತಲ್ಲ.

ಎಲ್ಲಕ್ಕಿಂತ ಜಾಸ್ತಿ ಬೆರಗು ಹುಟ್ಟಿಸಿದ್ದು 'ದ ಗಾರ್ಡನ್ ಆಫ್ ಈಡನ್'. 1946ರ ಹೊತ್ತಿಗೆ ಶುರು ಮಾಡಿ, ಬಿಟ್ಟು ಬಿಟ್ಟು ಬರೆದು, ಮುಗಿಸದೆಯೇ 1961ರಲ್ಲಿ ತೀರಿಕೊಂಡ. ಪ್ರಕಟವಾದದ್ದು 1986ರಲ್ಲಿ, ಹಸ್ತಪ್ರತಿಯ ಬಹುಭಾಗ ಕತ್ತರಿಸಿದ ಮೇಲೆ. ಫ್ರಾನ್ಸಿನ ಕಡಲತೀರ, ಹೊಸ ಮದುವೆ. ಹೆಂಡತಿ (ಇವಳ ಹೆಸರೂ ಕ್ಯಾಥರೀನ್, ಆದರೆ ಬೇರೆಯವಳು) ಒಂದು ದಿನ ಹುಡುಗರ ಕ್ರಾಪ್ ಮಾಡಿಸಿಕೊಂಡು ಬರುತ್ತಾಳೆ. ರಾತ್ರಿ ಕತ್ತಲಲ್ಲಿ ಗಂಡ ಡೇವಿಡ್‌ಗೆ, ಈಗ ನಾನು ಪೀಟರ್, ನೀನು ಕ್ಯಾಥರೀನ್ ಅನ್ನುತ್ತಾಳೆ. ಮುಂದೆ ಅವನನ್ನೂ ಕ್ಷೌರಿಕನ ಹತ್ತಿರ ಕರೆದೊಯ್ದು, ಇಬ್ಬರಿಗೂ ಒಂದೇ ಕ್ರಾಪ್, ಒಂದೇ ಬಣ್ಣ ಮಾಡಿಸುತ್ತಾಳೆ. ಡೇವಿಡ್ ಕನ್ನಡಿ ಮುಂದೆ ನಿಲ್ಲುತ್ತಾನೆ. ತನಗೆ ಇದು ಇಷ್ಟವಾಗಿದೆ ಅಂತ ತನಗೇ ಒಪ್ಪಿಕೊಳ್ಳುತ್ತಾನೆ. ಇನ್ನೊಬ್ಬರು ಹಾದಿ ತಪ್ಪಿಸಿದರು ಅನ್ನೋ ನೆಪ ಇನ್ಮೇಲೆ ಹೇಳಬೇಡ ಅಂತ ತನಗೇ ಗದರಿಕೊಳ್ಳುತ್ತಾನೆ. ಈ ಪುಟ ಓದಿದ ಮೇಲೆ 'ಗಂಡಸರ ಲೇಖಕ' ಅನ್ನೋ ಹಣೆಪಟ್ಟಿ ನನಗೆ ತೀರಾ ಚಿಕ್ಕದಾಗಿ ಕಂಡಿತು.

ಆದರೆ ಕ್ಯಾಥರೀನ್‌ಗೆ ಕಥೆ ಕೊಡುವ ಕೊನೆ ನನಗೆ ಈಗಲೂ ನೋವು. ಅಷ್ಟು ಧೈರ್ಯದ ಹೆಣ್ಣು ಮನಸ್ಸಿನ ಹಿಡಿತ ತಪ್ಪಿ, ಗಂಡ ಬರೆದ ಕಥೆಗಳನ್ನು ಸುಟ್ಟುಹಾಕುತ್ತಾಳೆ. ಅವನಿಗೆ ಬರವಣಿಗೆ ಇದೆ, ಅವಳಿಗೆ ತನ್ನ ದೇಹ ಬಿಟ್ಟರೆ ಕೆಲಸ ಮಾಡಲು ಬೇರೇನೂ ಇಲ್ಲ. ಅದು ಹೆಮಿಂಗ್ವೆಗೆ ಗೊತ್ತಿತ್ತು ಅನಿಸುತ್ತದೆ, ಆದರೂ ಅವಳನ್ನು ಉಳಿಸಿಕೊಳ್ಳಲಿಲ್ಲ.

ಕೆಲವರು ಇದಕ್ಕೆಲ್ಲ ಅವನ ಬಾಲ್ಯವೇ ಕಾರಣ ಅನ್ನುತ್ತಾರೆ. ತಾಯಿ ಗ್ರೇಸ್ ಅವನಿಗೂ ಅಕ್ಕ ಮಾರ್ಸಲೀನ್‌ಗೂ ಅವಳಿಜವಳಿ ಹಾಗೆ ಒಂದೇ ಥರ ಬಟ್ಟೆ ತೊಡಿಸುತ್ತಿದ್ದದ್ದು ನಿಜ. ಆದರೆ ಅದೊಂದರಿಂದಲೇ ಕಾದಂಬರಿಗಳನ್ನು ಬಿಡಿಸೋಕೆ ಹೋದರೆ ಪುಸ್ತಕ ಕೈತಪ್ಪಿ ಬರೀ ಫೋಟೋ ಆಲ್ಬಂ ಉಳಿಯುತ್ತದೆ.

ನೀವು ಆ ಬೆಕ್ಕಿನ ಕಥೆಯಿಂದ ಶುರು ಮಾಡಿ. ಅರ್ಧ ಗಂಟೆಯೂ ಬೇಡ. ಅವಳು ಕೈಗನ್ನಡಿ ಎತ್ತಿಕೊಳ್ಳುವಾಗ ಸ್ವಲ್ಪ ನಿಧಾನವಾಗಿ ಓದಿ. ಅಲ್ಲಿಂದ ನೇರ 'ಈಡನ್'ಗೆ ಹೋಗಿ, ಡೇವಿಡ್ ಕನ್ನಡಿ ಮುಂದೆ ನಿಲ್ಲುವ ಪುಟದವರೆಗೆ.