ಹ್ಯಾಂಡ್ ಬ್ರೇಕ್ ರಿಪೇರಿಗೆ ಡೀಲರ್ 15,694 ರೂಪಾಯಿ ಹೇಳಿದ್ದಾರೆ, ಇದು ಸರಿಯಾದ ರೇಟಾ?

ನೀವು ಕೇಳಿದ್ದು ಇಷ್ಟು. ಏಳು ವರ್ಷದ, 62,000 ಕಿ.ಮೀ. ಓಡಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹಿಂದೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಎರಡು ಶೂಗಳು ಒತ್ತಿ ಹಿಡಿಯುವ ಬ್ರೇಕ್. ಪುತ್ತೂರಿನ ನಿಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದರೂ ಕಾರು ಮೆಲ್ಲಗೆ ಜಾರುತ್ತಿದೆ. ಲಿವರ್ ಮೊದಲಿಗಿಂತ ಜಾಸ್ತಿ ಮೇಲೆ ಬರುತ್ತಿದೆ. ಕಾಲಿನ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಡೀಲರ್ ವರ್ಕ್‌ಶಾಪ್‌ನವರು ಕೊಟ್ಟ ಎಸ್ಟಿಮೇಟ್ ನ್ಯಾಯವಾಗಿದೆಯಾ ಅನ್ನುವುದು ನಿಮ್ಮ ಪ್ರಶ್ನೆ.

ಒಂದೊಂದೇ ಸಾಲು ನೋಡಿದರೆ ದರಗಳು ತೀರಾ ಅನ್ಯಾಯ ಅಂತ ಹೇಳಲಾರೆ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ನಿಮ್ಮ ಕಾರಿಗೆ ಬೇಕಾ ಬೇಡವಾ ಅನ್ನುವುದು ಇನ್ನೂ ಯಾರಿಗೂ ಗೊತ್ತಿಲ್ಲ. ಡೀಲರ್ ಕೌಂಟರ್‌ನ ಸರ್ವಿಸ್ ಅಡ್ವೈಸರ್ ಲಿವರ್ ಎಳೆದು ನೋಡಿ, ಹತ್ತು ನಿಮಿಷದಲ್ಲಿ ಪ್ರಿಂಟ್ ಕೈಗೆ ಕೊಟ್ಟರು ಅಂತ ನೀವೇ ಬರೆದಿದ್ದೀರಿ. ಅಂದರೆ ಡ್ರಮ್ ಬಿಚ್ಚಿಯೇ ಇಲ್ಲ. ಬಿಚ್ಚದೆ ಬರೆದ ಎಸ್ಟಿಮೇಟ್ ಬರೀ ಅಂದಾಜು.

ನಾನು ಹಿಂದೆ ಇಂಥ ಕೌಂಟರ್‌ನಲ್ಲೇ ಅಡ್ವೈಸರ್ ಆಗಿದ್ದೆ, ಈಗ ಮಂಗಳೂರಿನಲ್ಲಿ ಸಣ್ಣ ಗ್ಯಾರೇಜ್ ನಡೆಸುತ್ತೇನೆ. ಎಸ್ಟಿಮೇಟ್ ಯಾಕೆ ಉಬ್ಬುತ್ತದೆ ಅಂತ ಹೇಳುತ್ತೇನೆ. ಮೊದಲು ಕಮ್ಮಿ ಹೇಳಿ, ಆಮೇಲೆ ಫೋನ್ ಮಾಡಿ "ಇನ್ನೂ ನಾಲ್ಕು ಸಾವಿರ ಆಗುತ್ತೆ ಸರ್" ಅಂದರೆ ಗ್ರಾಹಕರಿಗೆ ಸಿಟ್ಟು ಬರುತ್ತದೆ. ಅದಕ್ಕೆ ಕೆಟ್ಟಿರಬಹುದಾದ ಎಲ್ಲವನ್ನೂ ಮೊದಲೇ ಬರೆದುಬಿಡುತ್ತಾರೆ. ಇದರಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಆದರೆ ನೀವು ಅದಕ್ಕೆ ಸುಮ್ನೆ ಸಹಿ ಹಾಕಿದರೆ, ಬರೆದದ್ದನ್ನೆಲ್ಲ ಬದಲಿಸಲು ಅನುಮತಿ ಕೊಟ್ಟ ಹಾಗೆ.

ಈಗ ನಿಮ್ಮ ಪಟ್ಟಿಗೆ ಬರೋಣ. ಶೂ ಸೆಟ್ 1,650. ಡ್ರಮ್ ಎರಡು 3,900. ವೀಲ್ ಸಿಲಿಂಡರ್ (ಕಾಲಿನ ಬ್ರೇಕ್ ಒತ್ತಿದಾಗ ಆಯಿಲ್ ಒತ್ತಡದಿಂದ ಶೂ ತಳ್ಳುವ ಭಾಗ) ಎರಡು 1,500. ಕೇಬಲ್ ಎರಡು 1,900. ಬ್ರೇಕ್ ಆಯಿಲ್ 450. ಲೇಬರ್‌ನಲ್ಲಿ ಶೂ ಹಾಕಲು 900, ಡ್ರಮ್ ಬಿಚ್ಚಿ ಜೋಡಿಸಲು 700, ಕೇಬಲ್‌ಗೆ 1,200, ಆಯಿಲ್ ಪೈಪಿಗೆ ಸೇರಿದ ಏರ್ ತೆಗೆಯಲು 500, ಬ್ರೇಕ್ ಕ್ಲೀನಿಂಗ್ 600. ಕೊನೆಗೆ ಎಲ್ಲದರ ಮೇಲೆ ಶೇ. 18 ಜಿಎಸ್‌ಟಿ.

ಮೊದಲು ಲೇಬರ್. ಡ್ರಮ್ ತೆಗೆಯದೆ ಶೂ ಬದಲಿಸಲು ಸಾಧ್ಯವೇ ಇಲ್ಲ. ಶೂ ಹಾಕುವ 900 ರೂಪಾಯಿಯಲ್ಲೇ ಡ್ರಮ್ ಬಿಚ್ಚುವುದು, ಜೋಡಿಸುವುದು ಸೇರಿರಬೇಕು. ಮತ್ತೆ 700 ಯಾಕೆ? ಒಳಗಿನ ಧೂಳು ತೆಗೆಯುವುದೂ ಅದೇ ಕೆಲಸದ ಭಾಗ, ಅದಕ್ಕೆ ಬೇರೆ 600 ಕೊಡಬೇಕಾಗಿಲ್ಲ. ಕೇಬಲ್ ಬದಲಿಸುವುದು ಮಾತ್ರ ನಿಜವಾಗಿಯೂ ಜಾಸ್ತಿ ಕೆಲಸ. ಲಿವರ್ ಸುತ್ತಲಿನ ಕವರ್ ಬಿಚ್ಚಬೇಕು, ಕಾರಿನ ಅಡಿಯಲ್ಲಿ ಕ್ಲಿಪ್ಪುಗಳನ್ನು ತೆಗೆಯಬೇಕು. ನಮ್ಮ ಕರಾವಳಿಯ ಮಳೆಗೆ ಆ ಬೋಲ್ಟುಗಳು ತುಕ್ಕು ಹಿಡಿದು ಕೂತಿರುತ್ತವೆ. ಅದಕ್ಕೆ 1,200 ಕೇಳಿದರೆ ನಾನು ಚೌಕಾಸಿ ಮಾಡುವುದಿಲ್ಲ.

ಇನ್ನು ಏರ್ ತೆಗೆಯುವುದು. ಹ್ಯಾಂಡ್ ಬ್ರೇಕ್ ಕೆಲಸ ಮಾಡುವುದು ಕೇಬಲ್ ಮೇಲೆ, ಅದಕ್ಕೂ ಬ್ರೇಕ್ ಆಯಿಲ್‌ಗೂ ಸಂಬಂಧವಿಲ್ಲ. ಲಿವರ್ ಎಳೆದಾಗ ಕೇಬಲ್ ಡ್ರಮ್ಮಿನೊಳಗಿನ ಒಂದು ಪಟ್ಟಿಯನ್ನು ಎಳೆಯುತ್ತದೆ, ಅದು ಎರಡೂ ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಶೂ ಬದಲಿಸಿದರೂ ಕೇಬಲ್ ಬದಲಿಸಿದರೂ ಆಯಿಲ್ ಪೈಪ್ ಬಿಚ್ಚಬೇಕಾಗಿಲ್ಲ. ವೀಲ್ ಸಿಲಿಂಡರ್ ಬದಲಿಸಿದರೆ ಮಾತ್ರ ಏರ್ ತೆಗೆಯುವ ಕೆಲಸ ಬರುತ್ತದೆ. ಸಿಲಿಂಡರ್ ಲೀಕ್ ಇಲ್ಲ ಅಂದರೆ ಸಿಲಿಂಡರ್, ಆಯಿಲ್, ಏರ್ ತೆಗೆಯುವ ಲೇಬರ್ ಮೂರೂ ಒಟ್ಟಿಗೇ ಪಟ್ಟಿಯಿಂದ ಹೊರಗೆ ಹೋಗಬೇಕು. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಅದನ್ನು ಬದಲಿಸುವುದು ಒಳ್ಳೆಯದೇ. ಆದರೆ ಅದು ಸರ್ವಿಸ್ ಖರ್ಚು, ಈ ರಿಪೇರಿಯ ಖರ್ಚಲ್ಲ.

ಸಿಲಿಂಡರ್ ಲೀಕ್ ಆಗಿದೆಯಾ ಅಂತ ನೋಡುವುದು ಸುಲಭ. ಡ್ರಮ್ ತೆಗೆದ ಮೇಲೆ ಸಿಲಿಂಡರ್ ತುದಿಯ ರಬ್ಬರ್ ಕ್ಯಾಪ್ ಸ್ವಲ್ಪ ಎತ್ತಿ ನೋಡಬೇಕು. ಒಳಗಿಂದ ಆಯಿಲ್ ಇಳಿದರೆ ಸಿಲಿಂಡರ್ ಹೋಗಿದೆ. ಆ ಆಯಿಲ್ ಶೂ ಮೇಲೆ ಬಿದ್ದಿದ್ದರೆ ಲೈನರ್ (ಶೂ ಮೇಲಿನ ಉಜ್ಜುವ ಪದರ) ಎಷ್ಟೇ ದಪ್ಪ ಇದ್ದರೂ ಶೂ ಬದಲಿಸಲೇಬೇಕು. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಎರಡೂ ಡ್ರಮ್ ಬದಲಿಸಬೇಕು ಅನ್ನುವುದನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಎಲ್ಲಿಯವರೆಗೆ ಸವೆಯಬಹುದು ಅನ್ನುವ ಗರಿಷ್ಠ ಒಳ ಅಳತೆಯನ್ನು ಸಾಮಾನ್ಯವಾಗಿ ಡ್ರಮ್ ಮೇಲೆಯೇ ಅಚ್ಚು ಹಾಕಿರುತ್ತಾರೆ. ಹೊಸ ಡ್ರಮ್ಮಿನ ಅಳತೆಗಿಂತ ಅದು ಒಂದೆರಡು ಮಿಲಿಮೀಟರ್ ಜಾಸ್ತಿ ಇರುತ್ತದೆ. ವರ್ನಿಯರ್‌ನಲ್ಲಿ ಅಳೆದು ತೋರಿಸಿ ಅಂತ ಕೇಳಿ. ಅಳತೆ ದಾಟಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಿಸಿ. ಬರೀ ಗೆರೆ ಬಿದ್ದಿದ್ದು, ಆ ಗರಿಷ್ಠ ಅಳತೆಗೆ ಇನ್ನೂ ಜಾಗ ಇದ್ದರೆ ಲೇತ್ ಯಂತ್ರದಲ್ಲಿ ಒಳಮೈ ನಯ ಮಾಡಿಸಿದರೆ ಸಾಕು. ಬ್ರೇಕಿನ ಹೆಚ್ಚಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುವುದರಿಂದ ಹಿಂದಿನ ಡ್ರಮ್ ಬೇಗ ಸವೆಯುವುದಿಲ್ಲ. 62,000 ಕಿ.ಮೀ.ಗೆ ಶೂ ಮುಗಿದಿದ್ದರೆ ನಂಬುತ್ತೇನೆ. ಎರಡೂ ಡ್ರಮ್ ಒಟ್ಟಿಗೇ ಮುಗಿದಿವೆ ಅಂದರೆ ಅಳತೆ ನೋಡದೆ ನಂಬುವುದಿಲ್ಲ.

ನಿಜವಾದ ತೊಂದರೆ ಶೂದಲ್ಲಿದೆಯಾ ಕೇಬಲ್‌ನಲ್ಲಿದೆಯಾ ಅಂತ ನೀವೇ ಸ್ವಲ್ಪ ಊಹಿಸಬಹುದು. ಲಿವರ್ ಎಳೆಯುವಾಗ ಎಷ್ಟು ಸಲ ಟಕ್ ಅನ್ನುತ್ತದೆ ಎಣಿಸಿ. ಎಷ್ಟಿರಬೇಕು ಅಂತ ಕಾರಿನ ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ಬಹಳ ಕಾರುಗಳಲ್ಲಿ ಒಂಬತ್ತರ ಒಳಗೆ ಗಟ್ಟಿಯಾಗಿ ನಿಲ್ಲಬೇಕು. ಈಗ ಕಾಲಿನ ಪೆಡಲ್ ಗಮನಿಸಿ. ಅದೂ ಮೊದಲಿಗಿಂತ ಕೆಳಗೆ ಹೋಗುತ್ತಿದ್ದರೆ ಶೂ ಮತ್ತು ಡ್ರಮ್ ನಡುವೆ ಸಂದು ಜಾಸ್ತಿಯಾಗಿದೆ. ಶೂ ಸವೆದಿರಬಹುದು, ಇಲ್ಲ ತಾನಾಗಿ ಸರಿಹೊಂದಿಸಿಕೊಳ್ಳುವ ಒಳಗಿನ ಅಡ್ಜಸ್ಟರ್ ತುಕ್ಕು ಹಿಡಿದು ನಿಂತಿರಬಹುದು. ಅಡ್ಜಸ್ಟರ್ ಮಾತ್ರ ಆದರೆ ಬಿಚ್ಚಿ, ತುಕ್ಕು ತೆಗೆದು, ಗ್ರೀಸ್ ಹಚ್ಚಿದರೆ ಮುಗಿಯಿತು, ಪಾರ್ಟೇ ಬೇಡ. ಪೆಡಲ್ ಮೊದಲಿನ ಹಾಗೇ ಇದ್ದು ಲಿವರ್ ಮಾತ್ರ ಮೇಲೆ ಬರುತ್ತಿದ್ದರೆ ಕೇಬಲ್ ಹಿಗ್ಗಿ ಸಡಿಲವಾಗಿರುವ ಸಾಧ್ಯತೆ ಜಾಸ್ತಿ. ನೀವು ಹೇಳಿದ್ದು ನೋಡಿದರೆ ನನಗೆ ಇದೇ ಅನುಮಾನ. ಲಿವರ್ ಬಿಗಿಯಾಗಿದ್ದು, ಕೆಳಗಿಳಿಸಿದ ಮೇಲೂ ಒಂದು ಹಿಂದಿನ ಚಕ್ರ ಬಿಸಿಯಾಗುತ್ತಿದ್ದರೆ ಆ ಬದಿಯ ಕೇಬಲ್ ಒಳಗೆ ತುಕ್ಕು ಹಿಡಿದಿರಬಹುದು.

ಇನ್ನು ಲೆಕ್ಕ. ಜಿಎಸ್‌ಟಿ ಸಾಲನ್ನು ಸರಿಯಾಗಿ ನೋಡಿ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ಪಟ್ಟಿಯಲ್ಲಿರುವ ಪಾರ್ಟ್‌ಗಳ 9,400 ರೂಪಾಯಿ ಎಂಆರ್‌ಪಿ ಆಗಿದ್ದರೆ ಅದರ ಮೇಲೆ ಮತ್ತೆ ಶೇ. 18 ಹಾಕುವ ಹಾಗಿಲ್ಲ. ಬರೀ ಅಲ್ಲೇ 1,692 ರೂಪಾಯಿ ವ್ಯತ್ಯಾಸ. ತೆರಿಗೆ ಬಿಟ್ಟ ಬೆಲೆ ಬರೆದಿದ್ದರೆ ತಪ್ಪಿಲ್ಲ, ಆದರೆ ತೆರಿಗೆ ಸೇರಿಸಿದ ಮೇಲೆ ಮೊತ್ತ ಬಾಕ್ಸ್ ಮೇಲಿನ ಎಂಆರ್‌ಪಿ ದಾಟಬಾರದು. ಪಾರ್ಟ್ ನಂಬರ್ ಬರೆಸಿಕೊಂಡು ಬಿಡಿಭಾಗ ಮಾರುವ ಬೂಡ್ಮೋದಂಥ ಸೈಟಿನಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಹಳೆಯ ಬಿಲ್ ಜೊತೆ ಹೋಲಿಸುವುದಾದರೆ ಒಂದು ನೆನಪಿರಲಿ. ಕಾರಿನ ಹೆಚ್ಚಿನ ಬಿಡಿಭಾಗಗಳಿಗೆ ಮೊದಲು ಶೇ. 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18 ಆಗಿದೆ. ಲೇಬರ್ ಮೇಲೆ ಮಾತ್ರ ಶೇ. 18 ಬೇರೆಯಾಗಿ ಸೇರುತ್ತದೆ.

ಅವರ ದರವನ್ನೇ ಎಂಆರ್‌ಪಿ ಅಂತ ಇಟ್ಟುಕೊಂಡು ನೋಡೋಣ. ಶೂ ಮಾತ್ರ ಹೋಗಿದ್ದರೆ 1,650, ಲೇಬರ್ ತೆರಿಗೆ ಸೇರಿ 1,062, ಒಟ್ಟು 2,712. ಅದರ ಜೊತೆ ಎರಡೂ ಕೇಬಲ್ ಬೇಕಾದರೂ 6,028. ಅಂದರೆ ನಿಮ್ಮ ಕಾರಿಗೆ ನ್ಯಾಯವಾದ ಬಿಲ್ ಹೆಚ್ಚಾಗಿ ಆರು ಸಾವಿರದ ಆಸುಪಾಸಿನಲ್ಲಿ ನಿಲ್ಲಬೇಕು. ಅದನ್ನು ದಾಟಿದರೆ ಪ್ರತಿ ಹೆಚ್ಚಿನ ಸಾಲಿಗೂ ಕಣ್ಣಿಗೆ ಕಾಣುವ ಕಾರಣ ಇರಬೇಕು.

ತೀರಾ ಕಮ್ಮಿ ರೇಟಿನ ಬಗ್ಗೆಯೂ ಹುಷಾರಾಗಿರಿ. ನನ್ನನ್ನು ಕೇಳಿದರೆ ಅದೇ ಜಾಸ್ತಿ ಅಪಾಯ. ಲಿವರ್ ಬುಡದ ನಟ್ ಬಿಗಿ ಮಾಡಿ ಇನ್ನೂರು ರೂಪಾಯಿಗೆ ಕಳಿಸಿಬಿಡುವವರಿದ್ದಾರೆ. ಅವತ್ತಿಗೆ ಲಿವರ್ ಗಟ್ಟಿಯಾಗುತ್ತದೆ, ನೀವು ಖುಷಿಯಾಗಿ ಬರುತ್ತೀರಿ. ಆದರೆ ಒಳಗೆ ಸವೆದ ಶೂ ಹಾಗೇ ಇರುತ್ತದೆ. ಜಾಸ್ತಿ ಬಿಗಿಯಾದರೆ ಶೂ ಸದಾ ಡ್ರಮ್ಮಿಗೆ ಉಜ್ಜಿ ಬಿಸಿಯಾಗುತ್ತದೆ, ಮೈಲೇಜ್ ಬೀಳುತ್ತದೆ, ಒಳಗಿನ ಅಡ್ಜಸ್ಟರ್ ಕೆಲಸವನ್ನೇ ನಿಲ್ಲಿಸಬಹುದು. ಮೊದಲು ಡ್ರಮ್ ಒಳಗೆ ಶೂ ಅಡ್ಜಸ್ಟ್ ಮಾಡಬೇಕು, ಆಮೇಲೆ ಕೇಬಲ್. ಈ ಕ್ರಮ ತಪ್ಪಿಸುವ ಗ್ಯಾರೇಜ್‌ಗೆ ಪುಕ್ಕಟೆ ಮಾಡಿಕೊಟ್ಟರೂ ಹೋಗಬೇಡಿ.

ಆದ್ದರಿಂದ ಡೀಲರ್ ಹತ್ತಿರವೇ ಹೋಗಿ ಹೀಗೆ ಕೇಳಿ: "ಮೊದಲು ಎರಡೂ ಡ್ರಮ್ ಬಿಚ್ಚಿ ನನಗೆ ತೋರಿಸಿ. ಆಮೇಲೆ ಹೊಸ ಎಸ್ಟಿಮೇಟ್ ಮಾಡಿ. ನಾನು ಒಪ್ಪದೆ ಏನೂ ಬದಲಿಸಬೇಡಿ. ಹಳೆ ಪಾರ್ಟ್ ನನಗೆ ಬೇಕು." ಬಿಚ್ಚಿ ನೋಡುವುದಕ್ಕೆ ಚಾರ್ಜ್ ಕೇಳಿದರೆ ಕೊಡಿ, ಕೆಲಸ ಅಲ್ಲೇ ಮಾಡಿಸಿದರೆ ಅದನ್ನು ಬಿಲ್‌ನಲ್ಲಿ ಕಳೆಯಲು ಹೇಳಿ. ಎಕ್ಸ್‌ಟೆಂಡೆಡ್ ವಾರಂಟಿ ಇನ್ನೂ ಇದ್ದರೆ ಕೇಬಲ್, ಸಿಲಿಂಡರ್ ಅದರಲ್ಲಿ ಬರುತ್ತವಾ ಅಂತಲೂ ಕೇಳಿ. ತೋರಿಸುವುದಿಲ್ಲ ಅಂದರೆ ಕಾರು ವಾಪಸ್ ತನ್ನಿ. ಡ್ರಮ್ ಬ್ರೇಕ್ ಯಾವ ಅನುಭವಿ ಮೆಕ್ಯಾನಿಕ್ ಆದರೂ ಮಾಡುವ ಕೆಲಸ. ಸ್ವಿಚ್ ಒತ್ತಿ ಹಾಕುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಆಗಿದ್ದರೆ ಡೀಲರ್ ಹತ್ತಿರವೇ ಮಾಡಿಸಿ ಅನ್ನುತ್ತಿದ್ದೆ, ಅದಕ್ಕೆ ಸ್ಕ್ಯಾನರ್ ಬೇಕು.

ಕೆಲಸ ಆಗುವವರೆಗೆ ಆ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ನಂಬಬೇಡಿ. ಕಾರಿನ ಮುಖ ಏರಿನ ಕಡೆ ಇದ್ದರೆ ಫಸ್ಟ್ ಗೇರ್, ಇಳಿಜಾರಿನ ಕಡೆ ಇದ್ದರೆ ರಿವರ್ಸ್ ಹಾಕಿ ನಿಲ್ಲಿಸಿ, ಚಕ್ರಕ್ಕೆ ದೊಡ್ಡ ಕಲ್ಲು ಕೊಡಿ. ಮಕ್ಕಳು ಆ ಕಡೆ ಆಡಲು ಹೋಗದ ಹಾಗೆ ನೋಡಿಕೊಳ್ಳಿ. ಡ್ರಮ್ ಬಿಚ್ಚಿದಾಗ ಶೂ, ಸಿಲಿಂಡರ್ ಮತ್ತು ಡ್ರಮ್ಮಿನ ಒಳಭಾಗದ ಫೋಟೋ ತೆಗೆದು ಇಲ್ಲೇ ಹಾಕಿ. ಏನು ಬದಲಿಸಬೇಕು, ಏನು ಬೇಡ ಅಂತ ನೋಡಿ ಹೇಳುತ್ತೇನೆ.