ಮಲ್ಪೆಯ ಕಲ್ಲುಕಂಬ, ದೂರವಾದ ಮಡಗಾಸ್ಕರ್

ಪ್ರಶ್ನೆ: ಮಕ್ಕಳ ಜೊತೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವು. ಅಲ್ಲಿನ ಕಲ್ಲುಕಂಬಗಳು ಜ್ವಾಲಾಮುಖಿಯಿಂದ ಆದವು ಎಂದು ಕೇಳಿದೆವು. ಅಷ್ಟು ದೊಡ್ಡ ಜ್ವಾಲಾಮುಖಿ ಎದ್ದರೆ ಭೂಮಿಯ ಗಟ್ಟಿ ಹೊರಪದರ ಒಡೆಯುವುದಿಲ್ವಾ? ನಮ್ಮ ಕರಾವಳಿಗೆ ಈಗಲೂ ಅಪಾಯ ಇದೆಯಾ?
– ಓದುಗರೊಬ್ಬರು, ಉಡುಪಿ

ಉತ್ತರ: ಒಡೆಯಬಹುದು. ಆದರೆ ಮಡಕೆ ಒಡೆದ ಹಾಗೆ ಒಂದೇ ಏಟಿಗೆ ಅಲ್ಲ, ಲಕ್ಷಗಟ್ಟಲೆ ವರ್ಷ ಹಿಡಿಯುತ್ತದೆ.

ಈ ಗಟ್ಟಿ ಪದರಕ್ಕೆ ಶಿಲಾಗೋಳ ಎನ್ನುತ್ತಾರೆ. ದಪ್ಪ 100 ಕಿ.ಮೀ. ಆಸುಪಾಸು, ಹಳೆಯ ಖಂಡಗಳ ಕೆಳಗೆ ಇನ್ನೂ ಜಾಸ್ತಿ. ಅಡಿಯಿಂದ ಬಿಸಿ ಬಂಡೆ ಮೇಲೇರಿ ಬಂದರೆ ಮೊದಲು ನೆಲ ಉಬ್ಬುತ್ತದೆ. ಪದರದ ತಳ ಕಾದು ಮೆತ್ತಗಾಗಿ ತೆಳುವಾಗುತ್ತದೆ. ಆಮೇಲೆ ಶಿಲಾರಸ ಬಿರುಕುಗಳಿಗೆ ನುಗ್ಗುತ್ತದೆ. ಕಟ್ಟಿಗೆ ಸೀಳಲು ಬೆಣೆ ಹೊಡೆಯುತ್ತೇವಲ್ಲ, ಹಾಗೆ. ಆದರೆ ಬೆಣೆಯೊಂದೇ ಸಾಲದು. ಎರಡೂ ಕಡೆಯಿಂದ ಎಳೆತವೂ ಇರಬೇಕು. ಸುಮಾರು 25 ಕೋಟಿ ವರ್ಷಗಳ ಹಿಂದೆ ಸೈಬೀರಿಯಾದಲ್ಲಿ ಲಕ್ಷಾಂತರ ಚದರ ಕಿ.ಮೀ. ಲಾವಾ ಹರಡಿತು. ಆದರೂ ಖಂಡ ಎರಡಾಗಲಿಲ್ಲ.

ನಮ್ಮಲ್ಲಿ ಎಳೆತ ಇತ್ತು. ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಅದು ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾವೇ ನೀವು ನೋಡಿದ ದ್ವೀಪ. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರಿಯುವಂತೆ, ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರಿದು ಕಂಬಗಳಾಯಿತು. ತುಂಬ ಜನ ಇದನ್ನು ಬಸಾಲ್ಟ್, ಅಂದರೆ ಲಾವಾ ಗಟ್ಟಿಯಾಗಿ ಆಗುವ ಕಪ್ಪು ಕಲ್ಲು, ಎನ್ನುತ್ತಾರೆ. ನಿಜಕ್ಕೂ ಇದು ಸಿಲಿಕಾ (ಮರಳಿನ ಮುಖ್ಯ ಅಂಶ) ಜಾಸ್ತಿ ಇರುವ ರಯೋಲೈಟ್ ಜಾತಿಯ ಕಲ್ಲು. ಅಡಿಯ ಬಿಸಿಗೆ ಹೊರಪದರದ ಒಂದು ಪಾಲೇ ಕರಗಿ ಹುಟ್ಟಿದ್ದು ಎಂಬುದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ. ನನಗೆ ಈ ಕಲ್ಲಿನ ಮೇಲೆ ಅಷ್ಟು ಪ್ರೀತಿ ಇರುವುದು ಅದಕ್ಕೇ.

ಬೆಳಗಾವಿ, ವಿಜಯಪುರ ಕಡೆಯ ಕಪ್ಪು ಬಸಾಲ್ಟ್ ಕಲ್ಲು ಬೇರೆ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಆ ಕಾಲದ ಸುಮಾರಿಗೆ ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳೂ ನಮ್ಮಿಂದ ದೂರವಾದವು.

ಸೀಳದಿದ್ದರೂ ಪದರ ಬಾಗುತ್ತದೆ. ಹವಾಯಿಯಲ್ಲಿ ಲಾವಾ ರಾಶಿಯ ಭಾರಕ್ಕೆ ಸಮುದ್ರದ ತಳವೇ ಕುಸಿದು, ಸುತ್ತ ತಗ್ಗು ಬಿದ್ದಿದೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಹೆದರಬೇಡಿ. ನಮ್ಮನ್ನು ಹೊತ್ತ ಭೂಫಲಕ (ಶಿಲಾಗೋಳದ ದೊಡ್ಡ ತುಂಡು), ಮಡಗಾಸ್ಕರ್ ಬೇರೆಯಾದಾಗ ಬಿಸಿ ಬಂಡೆ ಮೇಲೇರಿದ ಆ ಬಿಸಿಜಾಗ ಬಿಟ್ಟು ಸಾವಿರಾರು ಕಿ.ಮೀ. ಉತ್ತರಕ್ಕೆ ಸರಿದಿದೆ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿರುವ ಮರಿಯನ್ ದ್ವೀಪದ ಹತ್ತಿರ ಈಗ ಆ ಬಿಸಿಜಾಗ ಇದೆ ಎಂದು ಲೆಕ್ಕ ಹಾಕಿದ್ದಾರೆ.

ಮಳೆಗಾಲ ಕಳೆದು ಬೋಟ್ ಶುರುವಾದ ಮೇಲೆ ಇನ್ನೊಮ್ಮೆ ಹೋಗಿ. ಕಂಬದ ಮೇಲ್ತುದಿಯ ಮೂಲೆಗಳನ್ನು ಮಕ್ಕಳಿಂದ ಎಣಿಸಿ. ಐದು, ಆರು ಜಾಸ್ತಿ ಸಿಗುತ್ತವೆ.